ಇಬ್ಬರು ಫ್ರಿಡಾಗಳಲ್ಲಿ ಅಸಲಿ ಯಾರು?

ಪ್ರಶ್ನೆ: ನಾನು ಚಿತ್ರಕಲೆ ಓದುತ್ತಿದ್ದೇನೆ. ಮೆಕ್ಸಿಕೋದ ಚಿತ್ರಕಾರ್ತಿ ಫ್ರಿಡಾ ಕಾಲೋ ಬಿಡಿಸಿದ ‘ಇಬ್ಬರು ಫ್ರಿಡಾ’ ಬಗ್ಗೆ ಬರೆಯಬೇಕಿದೆ. ನೋಡಿದ ಕಡೆಯೆಲ್ಲ ಒಂದೇ ವಿವರಣೆ. ಬಿಳಿ ಗೌನಿನವಳು ಯುರೋಪಿಯನ್ ಫ್ರಿಡಾ, ಬಣ್ಣದ ಬಟ್ಟೆಯವಳು ನಿಜವಾದ ಮೆಕ್ಸಿಕನ್ ಫ್ರಿಡಾ. ಹೃದಯ ಅಂದರೆ ಪ್ರೀತಿ, ರಕ್ತ ಅಂದರೆ ನೋವು, ಮೋಡ ಅಂದರೆ ಗೊಂದಲ. ಇಷ್ಟೇನಾ ಸರ್? ಇದನ್ನು ಸರ್ರಿಯಲಿಸಂ (ಕನಸಿನ, ಒಳಮನಸ್ಸಿನ ಲೋಕ ಬಿಡಿಸುವ ಕಲಾ ಚಳವಳಿ) ಅನ್ನಬಹುದಾ? ಇನ್ನೊಂದು ವಿಷಯ, ನಾವೂ ಒಂದೊಂದು ಸೆಲ್ಫ್ ಪೋರ್ಟ್ರೇಟ್ ಮಾಡಬೇಕು. ನಮ್ಮ ಅಪ್ಪ ಕೊಡಗಿನವರು, ಅಮ್ಮ ಬಾಗಲಕೋಟೆ ಕಡೆಯವರು, ನಾನು ಬೆಳೆದದ್ದು ಬೆಂಗಳೂರಲ್ಲಿ. ಅರ್ಧ ಮೈಗೆ ಕೊಡವ ಸೀರೆ, ಇನ್ನರ್ಧಕ್ಕೆ ಇಳಕಲ್ ಸೀರೆ ಉಡಿಸಿ ಬಿಡಿಸೋಣ ಅಂದುಕೊಂಡಿದ್ದೇನೆ. ಸರಿ ಹೋಗುತ್ತಾ?

ಉತ್ತರ: ಇಷ್ಟೇ ಅಲ್ಲ. ನೀವು ಓದಿದ್ದು ಪೂರ್ತಿ ಸುಳ್ಳೂ ಅಲ್ಲ. ಆದರೆ ಅದಕ್ಕೆ ‘ನಿಜವಾದ ಮೆಕ್ಸಿಕನ್ ಫ್ರಿಡಾ’ ಅಂತ ಸೇರಿಸಿದವರು ಚಿತ್ರವನ್ನು ಅವಸರದಲ್ಲಿ ನೋಡಿದ್ದಾರೆ. ಈ ಚಿತ್ರದಲ್ಲಿ ಅಸಲಿ ಒಬ್ಬಳು, ನಕಲಿ ಒಬ್ಬಳು ಅಂತ ಇಲ್ಲ. ಆ ಬಣ್ಣದ ಬಟ್ಟೆ ಇದೆಯಲ್ಲ, ಅದೂ ಫ್ರಿಡಾಗೆ ಹುಟ್ಟಿನಿಂದ ಬಂದದ್ದಲ್ಲ. ಆಕೆ ಯೋಚಿಸಿ, ಆರಿಸಿಕೊಂಡು ಉಟ್ಟದ್ದು. ಇದೊಂದು ತಲೆಯಲ್ಲಿದ್ದರೆ ಚಿತ್ರ ಬೇರೆಯೇ ಥರ ಕಾಣುತ್ತದೆ. ನಿಮ್ಮ ಅರ್ಧ-ಅರ್ಧ ಸೀರೆಯ ಐಡಿಯಾಗೂ ಉತ್ತರ ಅಲ್ಲೇ ಸಿಗುತ್ತದೆ, ಕೊನೆಗೆ ಅದಕ್ಕೂ ಬರುತ್ತೇನೆ.

ಮೊದಲು ಚಿತ್ರ ನೋಡೋಣ. 1939ರದು, ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣ. ಹೆಚ್ಚುಕಡಿಮೆ ಚೌಕ, ಒಂದೊಂದು ಬದಿ ಸುಮಾರು 173 ಸೆಂಟಿಮೀಟರ್. ಈಗ ಮೆಕ್ಸಿಕೋ ಸಿಟಿಯ ಆಧುನಿಕ ಕಲಾ ಮ್ಯೂಸಿಯಂನಲ್ಲಿದೆ. ಫೋನಿನಲ್ಲಿ ನೋಡುವಾಗ ಈ ಅಳತೆ ಮರೆತೇ ಹೋಗುತ್ತದೆ. ಫ್ರಿಡಾಳ ಬಹಳಷ್ಟು ಚಿತ್ರಗಳು ಪುಟ್ಟವು, ಹಾಸಿಗೆಯಲ್ಲಿ ಮಲಗಿಕೊಂಡೇ ಬಿಡಿಸಬಹುದಾದಷ್ಟು. ಇದು ಮಾತ್ರ ಗೋಡೆ ತುಂಬುವಂಥದ್ದು. ಇಬ್ಬರು ಹೆಂಗಸರೂ ಸುಮಾರಾಗಿ ಆಳೆತ್ತರಕ್ಕೇ ಇದ್ದಾರೆ. ಅಂದರೆ ಆಕೆ ಇದನ್ನು ಡೈರಿಯ ಪುಟದಂತೆ ಗುಟ್ಟಾಗಿ ಬಿಡಿಸಿದ್ದಲ್ಲ, ಜನರ ಎದುರು ನಿಲ್ಲಿಸೋಕೆ ಅಂತಲೇ ಬಿಡಿಸಿದ್ದು.

ಒಂದು ಹಸಿರು ಬೆಂಚು. ನಮ್ಮ ಎಡಕ್ಕೆ ಬಿಳಿ ಲೇಸಿನ ಗೌನಿನವಳು, ಕತ್ತಿನವರೆಗೂ ಮುಚ್ಚಿದ ಹಳೇ ಕಾಲದ ಯುರೋಪಿಯನ್ ಹೊಲಿಗೆ. ಬಲಕ್ಕೆ ನೀಲಿ-ಹಳದಿ ಕುಪ್ಪಸ, ಹಸಿರು ಲಂಗ, ಕೆಳಗೆ ಬಿಳಿ ಜಾಲರಿ ಇರುವವಳು. ಇಬ್ಬರೂ ಕೈ ಹಿಡಿದುಕೊಂಡಿದ್ದಾರೆ. ಒಬ್ಬರನ್ನೊಬ್ಬರು ಮಾತ್ರ ನೋಡುತ್ತಿಲ್ಲ, ಇಬ್ಬರ ಕಣ್ಣೂ ನಮ್ಮ ಮೇಲೆ. ಹಿಂದೆ ಬೂದು ಮೋಡ, ಮರ ಇಲ್ಲ, ಮನೆ ಇಲ್ಲ. ಇಬ್ಬರ ಹೃದಯವೂ ಎದೆಯ ಮೇಲೆ ಹೊರಗೇ ಕಾಣುತ್ತದೆ. ಬಿಳಿ ಗೌನಿನವಳದ್ದು ಕೊಯ್ದು ಒಳಗು ತೋರಿಸಿದ ಹೃದಯ, ಇನ್ನೊಬ್ಬಳದ್ದು ಇಡಿಯಾಗಿದೆ.

ಈಗ ರಕ್ತನಾಳವನ್ನು ಬೆರಳಿಟ್ಟು ಹಿಂಬಾಲಿಸಿ. ಬಣ್ಣದ ಬಟ್ಟೆಯವಳ ಎಡಗೈಯಲ್ಲಿ ಒಂದು ಪುಟ್ಟ ಮೊಟ್ಟೆಯಾಕಾರದ ಚಿತ್ರ ಇದೆ. ಆಕೆಯ ಗಂಡ, ಚಿತ್ರಕಾರ ದಿಯೇಗೊ ರಿವೇರಾ ಚಿಕ್ಕ ಹುಡುಗನಾಗಿದ್ದಾಗಿನ ಮುಖ ಅದು. ನಾಳ ಹೊರಡುವುದೇ ಅಲ್ಲಿಂದ. ಅವಳ ತೋಳಿಗೆ ಬಳ್ಳಿಯ ಹಾಗೆ ಸುತ್ತಿ ಮೇಲೆ ಹತ್ತಿ, ಅವಳ ಹೃದಯ ಮುಟ್ಟಿ, ಇಬ್ಬರ ನಡುವಿನ ಖಾಲಿ ಜಾಗ ದಾಟಿ, ಬಿಳಿ ಗೌನಿನವಳ ಕೊಯ್ದ ಹೃದಯಕ್ಕೆ ಸೇರಿ, ಅವಳ ಮಡಿಲಿಗೆ ಇಳಿಯುತ್ತದೆ. ಅಲ್ಲಿ ಅದರ ತುದಿ ಕತ್ತರಿಸಿದೆ. ಅವಳು ಆಪರೇಷನ್ ಥಿಯೇಟರಿನ ಇಕ್ಕಳದಿಂದ ಅದನ್ನು ಒತ್ತಿ ಹಿಡಿದಿದ್ದಾಳೆ. ಆದರೂ ರಕ್ತ ನಿಂತಿಲ್ಲ, ಬಿಳಿ ಲಂಗದ ಮೇಲೆ ತೊಟ್ಟಿಕ್ಕುತ್ತಿದೆ.

ಆ ಲಂಗದ ಅಂಚು ನೋಡಿದ್ದೀರಾ? ಅಲ್ಲಿ ಸಣ್ಣ ಸಣ್ಣ ಕೆಂಪು ಹೂವುಗಳಿವೆ. ಮೇಲಿಂದ ಬಿದ್ದ ರಕ್ತದ ಕಲೆಯೂ ಅದೇ ಕೆಂಪು. ಸ್ವಲ್ಪ ದೂರ ನಿಂತರೆ ಯಾವುದು ಹೂವು, ಯಾವುದು ಕಲೆ ಅಂತ ಒಂದು ಕ್ಷಣ ಗೊತ್ತಾಗುವುದೇ ಇಲ್ಲ. ನನಗೆ ಇಡೀ ಚಿತ್ರದಲ್ಲಿ ಜಾಸ್ತಿ ಇಷ್ಟವಾದ ಜಾಗ ಇದು. ‘ರಕ್ತ ಅಂದರೆ ನೋವು’ ಅಂತ ಬರೆದವರು ಇದನ್ನು ಬಿಟ್ಟೇ ಬಿಡುತ್ತಾರೆ. ನೋವು ಇದೆ, ಸರಿ. ಅದನ್ನು ಬಟ್ಟೆಯ ಡಿಸೈನಿಗೆ ಸೇರಿಸಿಬಿಡುವ ಜಾಣತನ, ಸ್ವಲ್ಪ ತುಂಟತನ ಕೂಡ ಇದೆ.

ಇನ್ನು ಬಟ್ಟೆಯ ವಿಷಯ. ಬಲಗಡೆಯವಳು ಉಟ್ಟಿರುವುದು ತೆಹುವಾನಾ ಉಡುಗೆ. ಮೆಕ್ಸಿಕೋದ ದಕ್ಷಿಣಕ್ಕೆ, ಓಹಾಕಾ ರಾಜ್ಯದ ತೆಹುವಾಂತೆಪೆಕ್ ಅನ್ನುವ ಕಡೆಯ ಸಪೊಟೆಕ್ ಅನ್ನುವ ಮೂಲನಿವಾಸಿ ಹೆಂಗಸರ ಉಡುಗೆ ಅದು. ಅಲ್ಲಿನ ಮಾರುಕಟ್ಟೆ ನಡೆಸುವವರು ಹೆಂಗಸರೇ, ಗಟ್ಟಿಗಿತ್ತಿಯರು ಅಂತ ಹೆಸರು. ಫ್ರಿಡಾ ಆ ಊರಿನವಳಲ್ಲ. 1907ರಲ್ಲಿ ಹುಟ್ಟಿದ್ದು ಮೆಕ್ಸಿಕೋ ಸಿಟಿಯ ಪಕ್ಕದ ಕೊಯೊಆಕಾನ್‌ನಲ್ಲಿ, ಅನುಕೂಲಸ್ಥರ ಮನೆಯಲ್ಲಿ. ಅಪ್ಪ ಗಿಯೆರ್ಮೊ ಕಾಲೋ ಜರ್ಮನಿಯ ಫೋರ್ಟ್ಸ್‌ಹೈಮ್‌ನವನು, 1891ರಲ್ಲಿ ಮೆಕ್ಸಿಕೋಗೆ ಬಂದು ಫೋಟೊಗ್ರಾಫರ್ ಆದವನು. ಅಮ್ಮ ಮತಿಲ್ದೆಯ ಕಡೆ ಸ್ಪ್ಯಾನಿಷ್ ರಕ್ತವೂ ಇತ್ತು, ಮೂಲನಿವಾಸಿ ರಕ್ತವೂ ಇತ್ತು. ಓಹಾಕಾದ ನಂಟು ಬಂದದ್ದು ಅಮ್ಮನ ಮನೆಯಿಂದಲೇ. ಆದರೂ ಕೊಯೊಆಕಾನ್‌ನ ಆ ಮನೆಯ ಹುಡುಗಿ ದಿನಾ ತೆಹುವಾನಾ ಉಟ್ಟುಕೊಂಡು ಶಾಲೆಗೇನೂ ಹೋಗುತ್ತಿರಲಿಲ್ಲ.

ಹಾಗಾದರೆ ಯಾಕೆ ಉಟ್ಟಳು? ಕಾರಣ ಒಂದಲ್ಲ.

ದೊಡ್ಡ ಕಾರಣ ದೇಶದ್ದು. 1910ರಿಂದ ಸುಮಾರು ಹತ್ತು ವರ್ಷ ಮೆಕ್ಸಿಕೋದಲ್ಲಿ ಕ್ರಾಂತಿ ನಡೆಯಿತು. ಅದು ಮುಗಿದ ಮೇಲೆ ಬಂದ ಸರ್ಕಾರಕ್ಕೆ ‘ನಾವು ಯಾರು’ ಅನ್ನುವ ಪ್ರಶ್ನೆಗೆ ಹೊಸ ಉತ್ತರ ಬೇಕಿತ್ತು. ಅದಕ್ಕೂ ಮುಂಚೆ ಮೇಲುವರ್ಗದವರ ಕಣ್ಣೆಲ್ಲ ಪ್ಯಾರಿಸ್ ಮೇಲೆ. ಈಗ ಮೂಲನಿವಾಸಿಗಳ ಕಲೆ, ಕರಕುಶಲ, ಉಡುಗೆ ಎಲ್ಲ ದೇಶದ ಹೆಮ್ಮೆ ಆಯಿತು. ಶಿಕ್ಷಣ ಸಚಿವ ಹೋಸೆ ವಾಸ್ಕೊನ್ಸೆಲೊಸ್ ಸರ್ಕಾರಿ ಕಟ್ಟಡಗಳ ಗೋಡೆಗಳನ್ನು ಚಿತ್ರಕಾರರಿಗೆ ಬಿಟ್ಟುಕೊಟ್ಟ. ದಿಯೇಗೊ 1923ರಲ್ಲಿ ಶಿಕ್ಷಣ ಇಲಾಖೆಯ ಕಟ್ಟಡದಲ್ಲಿ ಕೆಲಸ ಶುರು ಮಾಡಿದಾಗ ಬಿಡಿಸಿದ ಮೊದಮೊದಲ ಚಿತ್ರಗಳಲ್ಲೇ ತೆಹುವಾಂತೆಪೆಕ್‌ನ ಹೆಂಗಸರಿದ್ದಾರೆ. 1937ರ ಹೊತ್ತಿಗೆ ತೆಹುವಾನಾ ಹೆಣ್ಣಿನ ಮುಖ ಹತ್ತು ಪೆಸೊ ನೋಟಿನ ಮೇಲೂ ಬಂತು. ‘ಇಬ್ಬರು ಫ್ರಿಡಾ’ಗಿಂತ ಎರಡು ವರ್ಷ ಮುಂಚೆ, ಗಮನಿಸಿ. ಜೇಬಿನಲ್ಲಿರುವ ನೋಟಿನ ಮೇಲೆ ಬಂದ ವೇಷ ಅದು. ಹಾಗಾಗಿ ಬಲಗಡೆಯವಳನ್ನು ‘ಬೇರು’ ಅಂತಲೂ, ಎಡಗಡೆಯವಳನ್ನು ‘ಸೋಗು’ ಅಂತಲೂ ಕರೆಯುವ ಮುಂಚೆ ಸ್ವಲ್ಪ ತಡೆಯಬೇಕು. ಎರಡೂ ಉಡುಗೆಗಳಿಗೆ ಅವುಗಳದ್ದೇ ರಾಜಕೀಯ ಇದೆ.

ಫ್ರಿಡಾ ಈ ಆಟದಲ್ಲಿ ತಿಳಿದೇ ಇಳಿದವಳು. 1910ರಲ್ಲಿ ಹುಟ್ಟಿದೆ ಅಂತ ಹೇಳಿಕೊಳ್ಳುತ್ತಿದ್ದಳು, ಕ್ರಾಂತಿಯ ಜೊತೆಗೇ ಹುಟ್ಟಿದ ಹಾಗಿರಲಿ ಅಂತ. ಅಪ್ಪ ಹಂಗೇರಿ ಮೂಲದ ಯಹೂದಿ ಅಂತಲೂ ಹೇಳುತ್ತಿದ್ದಳು. ಆಮೇಲೆ ವಂಶಾವಳಿ ಕೆದಕಿದವರಿಗೆ ಸಿಕ್ಕಿದ್ದು ಜರ್ಮನಿಯ ಲೂಥರನ್ ಕ್ರಿಶ್ಚಿಯನ್ ಮನೆತನ. ಸುಳ್ಳಿ ಅಂತ ಬೈಯಬೇಕಾಗಿಲ್ಲ. ತನ್ನ ಕತೆಯನ್ನು ತಾನೇ ಕಟ್ಟಿಕೊಳ್ಳುವ ಮನಸ್ಸು ಎಷ್ಟಿತ್ತು ಅಂತ ಇದರಿಂದ ತಿಳಿಯುತ್ತದೆ. ಬಟ್ಟೆಯೂ ಆ ಕಟ್ಟುವಿಕೆಯ ಒಂದು ಭಾಗ.

ಎರಡನೇ ಕಾರಣ ದಿಯೇಗೊ. 1929ರಲ್ಲಿ ಮದುವೆ. ಅವನಿಗೆ ಈ ಉಡುಗೆ ಇಷ್ಟ. ಮೂರನೆಯದು ಮೈಯ ಕಾರಣ, ಇದನ್ನು ಕಲಾ ಇತಿಹಾಸದವರು ಬಹಳ ದಿನ ಸುಮ್ನೆ ದಾಟಿಹೋಗಿದ್ದರು. ಆರನೇ ವಯಸ್ಸಿಗೆ ಪೋಲಿಯೊ ಬಂದು ಬಲಗಾಲು ಸಣಕಲಾಗಿತ್ತು. 1925ರ ಸೆಪ್ಟೆಂಬರ್ 17ರಂದು ಆಕೆ ಹೋಗುತ್ತಿದ್ದ ಬಸ್ಸಿಗೆ ಟ್ರಾಮ್ ಗುದ್ದಿತು. ಬೆನ್ನುಮೂಳೆ, ಸೊಂಟ, ಕಾಲು ಎಲ್ಲ ಮುರಿಯಿತು. ಉದ್ದ ಲಂಗ ಕಾಲನ್ನು ಮುಚ್ಚುತ್ತದೆ. ವಿಪಿಲ್ ಅನ್ನುವ ಆ ಸಡಿಲ ಚೌಕಾಕಾರದ ಕುಪ್ಪಸ ಬೆನ್ನಿಗೆ ಕಟ್ಟಿದ ಪ್ಲಾಸ್ಟರಿನ ಮೇಲೂ ಆರಾಮಾಗಿ ಕೂರುತ್ತದೆ. ನೋಡುವವರ ಕಣ್ಣು ಕುಪ್ಪಸದ ಕಸೂತಿ, ಜಡೆಯ ರಿಬ್ಬನ್, ದೊಡ್ಡ ಓಲೆಯ ಮೇಲೇ ನಿಲ್ಲುತ್ತದೆ. ಆಕೆ ಸತ್ತ ಮೇಲೆ ಕೊಯೊಆಕಾನ್‌ನ ನೀಲಿ ಮನೆಯಲ್ಲಿ ಬೀಗ ಹಾಕಿಟ್ಟಿದ್ದ ಬಟ್ಟೆಬರೆ 2004ರಲ್ಲಿ ಹೊರಬಂದವು. ಲಂಗಗಳ ಜೊತೆಗೇ ಬೆನ್ನಿನ ಪಟ್ಟಿಗಳು, ಕೃತಕ ಕಾಲು ಎಲ್ಲ ಸಿಕ್ಕವು. ಅವನ್ನು ಒಟ್ಟಿಗೆ ನೋಡಿದ ಮೇಲೆ ‘ಸಂಸ್ಕೃತಿಯ ಸಂಕೇತ’ ಅಂತ ಒಂದೇ ಮಾತಿನಲ್ಲಿ ಮುಗಿಸೋಕೆ ಆಗಲ್ಲ.

ಬಟ್ಟೆ ಆಕೆಗೆ ಎಷ್ಟರ ಮಟ್ಟಿಗೆ ‘ನಾನು’ ಆಗಿತ್ತು ಅನ್ನೋಕೆ ಇನ್ನೆರಡು ಚಿತ್ರ ನೋಡಿ. 1933ರಲ್ಲಿ ನ್ಯೂಯಾರ್ಕಿನಲ್ಲಿದ್ದಾಗ ಶುರು ಮಾಡಿದ ‘ನನ್ನ ಉಡುಗೆ ಅಲ್ಲಿ ನೇತಾಡುತ್ತಿದೆ’. ಅಲ್ಲಿ ಫ್ರಿಡಾನೇ ಇಲ್ಲ. ಗಗನಚುಂಬಿ ಕಟ್ಟಡಗಳ ನಡುವೆ ಎರಡು ಕಂಬ, ಒಂದರ ಮೇಲೆ ಟಾಯ್ಲೆಟ್ ಕಮೋಡು, ಇನ್ನೊಂದರ ಮೇಲೆ ಟ್ರೋಫಿ. ಇವೆರಡರ ನಡುವೆ ಕಟ್ಟಿದ ರಿಬ್ಬನ್ನಿನಲ್ಲಿ ತೆಹುವಾನಾ ಉಡುಗೆ ಖಾಲಿಯಾಗಿ ನೇತಾಡುತ್ತಿದೆ. ಇನ್ನೊಂದು 1940ರ ‘ಕತ್ತರಿಸಿದ ಕೂದಲಿನ ಸ್ವಚಿತ್ರ’. ದಿಯೇಗೊ ಜೊತೆ ಡೈವೋರ್ಸ್ ಆದಮೇಲೆ ಬಿಡಿಸಿದ್ದು. ತೆಹುವಾನಾ ಇಲ್ಲ, ಜಡೆ ಇಲ್ಲ. ಗಂಡಸರ ದೊಗಲೆ ಸೂಟು ಹಾಕಿಕೊಂಡು, ಕೈಯಲ್ಲಿ ಕತ್ತರಿ ಹಿಡಿದು ಕುರ್ಚಿಯಲ್ಲಿ ಕೂತಿದ್ದಾಳೆ, ಸುತ್ತಲೂ ನೆಲದ ತುಂಬಾ ಕೂದಲು. ಹುಟ್ಟಿನಿಂದ ಬಂದ ಗುರುತನ್ನು ಹೀಗೆ ಕಳಚಿಡೋಕೆ ಆಗುತ್ತಾ? ಆರಿಸಿಕೊಂಡದ್ದನ್ನು ಮಾತ್ರ ಆಗುತ್ತದೆ.

ಈಗ ಬಿಳಿ ಗೌನಿಗೆ ಬರೋಣ. ಎಲ್ಲರೂ ಇದನ್ನು ಅಪ್ಪನ ಕಡೆಯ ಯುರೋಪು ಅಂತ ಬರೆಯುತ್ತಾರೆ. ನಿಮ್ಮ ಲೇಖನದಲ್ಲಿ ಇಲ್ಲೊಂದು ಪ್ರಶ್ನೆ ಎತ್ತಬಹುದು. 1936ರಲ್ಲಿ ಫ್ರಿಡಾ ‘ನನ್ನ ಅಜ್ಜ-ಅಜ್ಜಿಯರು, ನನ್ನ ಅಪ್ಪ-ಅಮ್ಮ ಮತ್ತು ನಾನು’ ಅಂತ ಒಂದು ಪುಟ್ಟ ವಂಶವೃಕ್ಷ ಬಿಡಿಸಿದ್ದಳು, ಈಗ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿದೆ. ನೀಲಿ ಮನೆಯ ಅಂಗಳದಲ್ಲಿ ಬರಿಮೈ ಮಗು ನಿಂತಿದೆ. ಅದರ ಕೈಯಲ್ಲಿ ಕೆಂಪು ರಿಬ್ಬನ್. ರಿಬ್ಬನ್ನಿನ ಒಂದು ತುದಿ ಅಮ್ಮನ ಅಪ್ಪ-ಅಮ್ಮನ ಕಡೆಗೆ, ಅವರು ಮೆಕ್ಸಿಕೋದ ಬೆಟ್ಟಗಳ ಮೇಲೆ. ಇನ್ನೊಂದು ತುದಿ ಅಪ್ಪನ ಅಪ್ಪ-ಅಮ್ಮನ ಕಡೆಗೆ, ಅವರು ಸಮುದ್ರದ ಮೇಲೆ. ನಡುವೆ ಮದುವೆ ಫೋಟೊದಲ್ಲಿದ್ದ ಹಾಗೆ ಅಪ್ಪ ಮತ್ತು ಅಮ್ಮ. ಅಮ್ಮನ ಮೈಮೇಲೆ ಏನಿದೆ? ಬಿಳಿ ಲೇಸಿನ ಗೌನು.

ಅಂದರೆ ಆ ಮನೆಯಲ್ಲಿ ಯುರೋಪಿನ ಥರ ಬಿಳಿ ಗೌನು ಹಾಕಿ ಫೋಟೊ ತೆಗೆಸಿಕೊಂಡವಳು ಮೆಕ್ಸಿಕೋದ ಮತಿಲ್ದೆ, ಜರ್ಮನಿಯವರು ಯಾರೂ ಅಲ್ಲ. 1939ರ ಬಿಳಿ ಗೌನು ಅದೇ ಅಂತ ನಾನು ಹೇಳುತ್ತಿಲ್ಲ, ಆದರೆ ನೆಂಟಸ್ತನ ಕಣ್ಣಿಗೆ ಕಾಣುತ್ತದೆ. ಆ ಕೆಂಪು ರಿಬ್ಬನ್ ಮೂರು ವರ್ಷದ ಮೇಲೆ ಎಲ್ಲಿಗೆ ಬಂತು ಅಂತಲೂ ಯೋಚಿಸಿ. ರಕ್ತಸಂಬಂಧವನ್ನು ರಿಬ್ಬನ್ನಿನಲ್ಲಿ ತೋರಿಸಿದವಳು ಇಲ್ಲಿ ರಕ್ತನಾಳವನ್ನೇ ಎಳೆದಿದ್ದಾಳೆ. ವ್ಯತ್ಯಾಸ ಒಂದೇ. ಆಗ ರಿಬ್ಬನ್ ಹೊರಟದ್ದು ಹಿರಿಯರ ಕಡೆಗೆ, ಈಗ ನಾಳ ಹೊರಟಿರುವುದು ಗಂಡನ ಚಿತ್ರದಿಂದ. ತನ್ನ ಗುರುತಿನ ಮೂಲ ವಂಶದಿಂದ ಮದುವೆಗೆ ಜರುಗಿದೆ, ಆ ಮದುವೆ ಅದೇ ವರ್ಷದ ಕೊನೆಗೆ ಮುರಿಯಿತು. 1940ರ ಡಿಸೆಂಬರಿನಲ್ಲಿ ಇಬ್ಬರೂ ಮತ್ತೆ ಮದುವೆಯಾದರು, ಅದು ಬೇರೆ ಕತೆ.

ಫ್ರಿಡಾಳೇ ಏನಂದಳು ಅಂತ ಕೇಳುತ್ತೀರಾ? ಎರಡು ಉತ್ತರ ಕೊಟ್ಟಿದ್ದಾಳೆ, ಒಂದಕ್ಕೊಂದು ಹೊಂದುವುದಿಲ್ಲ. ತೆಹುವಾನಾದವಳು ದಿಯೇಗೊ ಪ್ರೀತಿಸಿದ ಫ್ರಿಡಾ, ಬಿಳಿ ಗೌನಿನವಳು ಅವನು ಪ್ರೀತಿಸದವಳು ಅನ್ನುವುದು ಒಂದು. ಇನ್ನೊಂದು 1950ರ ಸುಮಾರಿಗೆ ಡೈರಿಯಲ್ಲಿ ಬರೆದದ್ದು. ಆರು ವರ್ಷದವಳಿದ್ದಾಗ ಕಿಟಕಿಯ ಗಾಜಿನ ಮೇಲೆ ಉಸಿರು ಬಿಟ್ಟು, ಆ ಮಂಜಿನಲ್ಲಿ ಬೆರಳಿನಿಂದ ಒಂದು ಬಾಗಿಲು ಬಿಡಿಸುತ್ತಿದ್ದಳಂತೆ. ಆ ಬಾಗಿಲಿನಿಂದ ಮನಸ್ಸಿನಲ್ಲೇ ಹೊರಗೆ ಹೋಗಿ, ಬಯಲು ದಾಟಿ, ‘ಪಿನ್ಸೋನ್’ ಅನ್ನುವ ಹಾಲಿನಂಗಡಿಯ ಬೋರ್ಡಿನಲ್ಲಿದ್ದ ‘ಓ’ ಅಕ್ಷರದ ತೂತಿನಿಂದ ಭೂಮಿಯ ಒಳಕ್ಕೆ ಇಳಿಯುತ್ತಿದ್ದಳಂತೆ. ಅಲ್ಲಿ ಒಬ್ಬ ಗೆಳತಿ ಕಾಯುತ್ತಿರುತ್ತಿದ್ದಳು. ಆ ಗೆಳತಿ ಮೈಗೆ ಭಾರವೇ ಇಲ್ಲದ ಹಾಗೆ ಕುಣಿಯುತ್ತಿದ್ದಳು, ಇವಳು ಗುಟ್ಟೆಲ್ಲ ಹೇಳಿಕೊಳ್ಳುತ್ತಿದ್ದಳು. ಡೈರಿಯ ಪ್ರಕಾರ ‘ಇಬ್ಬರು ಫ್ರಿಡಾ’ ಹುಟ್ಟಿದ್ದು ಅಲ್ಲಿಂದ. ಅಲ್ಲಿ ದಿಯೇಗೊ ಇಲ್ಲ, ಯುರೋಪು-ಮೆಕ್ಸಿಕೋ ಜಗಳವೂ ಇಲ್ಲ. ಕಾಯಿಲೆ ಬಿದ್ದ ಮಗುವಿಗೆ ಸಿಕ್ಕ ಒಬ್ಬ ಜೊತೆಗಾತಿ ಇದ್ದಾಳೆ ಅಷ್ಟೆ. ಇದನ್ನು ಓದಿದ ಮೇಲೆ ನನ್ನ ಕಣ್ಣು ಮೊದಲು ಹೋಗುವುದು ಹೃದಯಕ್ಕಲ್ಲ, ಆ ಹಿಡಿದ ಕೈಗಳಿಗೆ. ಬಿಡಿಸಿದವಳೇ ಎರಡು ಅರ್ಥ ಇಟ್ಟುಕೊಂಡಿರುವಾಗ ನಾವು ಒಂದಕ್ಕೆ ಟಿಕ್ ಹಾಕಿ ಮಾರ್ಕ್ಸ್ ಕೊಡೋದು ಸರಿಯಲ್ಲ, ಅಲ್ವಾ?

ಹೃದಯದ ವಿಷಯವೂ ಹಾಗೇ. ‘ಹೃದಯ ಅಂದರೆ ಪ್ರೀತಿ’ ಅನ್ನೋದು ಗ್ರೀಟಿಂಗ್ ಕಾರ್ಡಿನ ಹೃದಯ. ಇದು ಮಾಂಸದ ಹೃದಯ. 1922ರಲ್ಲಿ ಫ್ರಿಡಾ ಮೆಕ್ಸಿಕೋದ ದೊಡ್ಡ ಪ್ರಿಪರೇಟರಿ ಶಾಲೆಗೆ ಸೇರಿದ್ದು ಡಾಕ್ಟರ್ ಆಗಬೇಕು ಅಂತ. ಅಂಗರಚನೆಯ ಚಿತ್ರಗಳು ಆಕೆಗೆ ಚೆನ್ನಾಗಿ ಗೊತ್ತಿದ್ದವು. ಮೆಕ್ಸಿಕೋದವರಿಗೆ ಎದೆ ತೆರೆದು ಹೊರಗಿಟ್ಟ ಹೃದಯ ಕಂಡರೆ ಎರಡು ನೆನಪು ಬರುತ್ತವೆ. ಒಂದು, ಅಜ್ಟೆಕ್ ಕಾಲದಲ್ಲಿ ದೇವರಿಗೆ ಬಲಿ ಕೊಡುತ್ತಿದ್ದ ಹೃದಯ. ಇನ್ನೊಂದು, ಸ್ಪೇನಿನಿಂದ ಬಂದ ಕ್ಯಾಥೊಲಿಕ್ ಚರ್ಚಿನ ಯೇಸುವಿನ ಪವಿತ್ರ ಹೃದಯ, ಮುಳ್ಳು ಸುತ್ತಿ ಎದೆಯ ಮೇಲೆ ಉರಿಯುವಂಥದ್ದು. ಯಾವುದು ಮೂಲನಿವಾಸಿ, ಯಾವುದು ಯುರೋಪು ಅಂತ ಇಲ್ಲೂ ಬಿಡಿಸಿ ಹೇಳೋಕೆ ಬರಲ್ಲ, ಯಾಕೆಂದರೆ ಎರಡೂ ಸೇರಿ ನಾಲ್ಕು ನೂರು ವರ್ಷ ಆಗಿತ್ತು. ಬಟ್ಟೆಯಿಂದ ಇಬ್ಬರನ್ನು ಬೇರೆ ಮಾಡಿದ ಫ್ರಿಡಾ ಇಬ್ಬರಿಗೂ ಅದೇ ಬೆರಕೆ ಹೃದಯವನ್ನೇ ಇಟ್ಟಿದ್ದಾಳೆ. ನನಗೆ ಇದು ಬಟ್ಟೆಗಿಂತ ದೊಡ್ಡ ಮಾತು.

ಸರ್ರಿಯಲಿಸಂ ಪ್ರಶ್ನೆ. ಪ್ಯಾರಿಸ್‌ನಲ್ಲಿ ಆ ಚಳವಳಿ ಕಟ್ಟಿದ ಆಂದ್ರೆ ಬ್ರೆತೋಂ 1938ರಲ್ಲಿ ಮೆಕ್ಸಿಕೋಗೆ ಬಂದ. ಫ್ರಿಡಾಳ ಚಿತ್ರ ನೋಡಿ, ಇವಳು ನಮ್ಮವಳೇ ಅಂದ. ಅದೇ ವರ್ಷ ನ್ಯೂಯಾರ್ಕಿನಲ್ಲಿ ಆಕೆಯ ಪ್ರದರ್ಶನ ನಡೆದಾಗ ಅದಕ್ಕೆ ಲೇಖನವನ್ನೂ ಬರೆದುಕೊಟ್ಟ. 1939ರ ಶುರುವಿಗೆ ಫ್ರಿಡಾ ಪ್ಯಾರಿಸ್‌ಗೆ ಹೋದರೆ ಚಿತ್ರಗಳು ಕಸ್ಟಮ್ಸ್‌ನಲ್ಲೇ ಕೂತಿದ್ದವು, ಗ್ಯಾಲರಿಯ ವ್ಯವಸ್ಥೆಯೂ ಸರಿಯಾಗಿ ಆಗಿರಲಿಲ್ಲ. ಕೊನೆಗೆ ಕಲಾವಿದ ಮಾರ್ಸೆಲ್ ದ್ಯುಶಾಂ ಓಡಾಡಿ ಕೆಲಸ ಮಾಡಿಕೊಟ್ಟ. ಮಾರ್ಚ್‌ನಲ್ಲಿ ಪ್ರದರ್ಶನ ಆಯಿತು. ಆದರೆ ಅದು ‘ಮೆಕ್ಸಿಕೋ’ ಪ್ರದರ್ಶನ. ಆಕೆಯ ಚಿತ್ರಗಳ ಸುತ್ತ ಪುರಾತನ ಕಲ್ಲಿನ ಮೂರ್ತಿಗಳು, ಬ್ರೆತೋಂ ಸಂತೆಯಲ್ಲಿ ಕೊಂಡುಕೊಂಡು ಬಂದಿದ್ದ ಜನಪದ ಸಾಮಾನುಗಳು. ಆಕೆಗೆ ಮೈಯೆಲ್ಲ ಉರಿದು ಹೋಯಿತು. ಅಲ್ಲಿನ ಬುದ್ಧಿಜೀವಿಗಳನ್ನು ಗೆಳೆಯನಿಗೆ ಬರೆದ ಪತ್ರದಲ್ಲಿ ಬಾಯಿಗೆ ಬಂದ ಹಾಗೆ ಬೈದಿದ್ದಾಳೆ. ಫ್ರಾನ್ಸ್ ಸರ್ಕಾರ ಅದೇ ಸಲ ಆಕೆಯ ಒಂದು ಪುಟ್ಟ ಸ್ವಚಿತ್ರ ಕೊಂಡಿತು ಅನ್ನೋದೂ ನಿಜ.

‘ಇಬ್ಬರು ಫ್ರಿಡಾ’ ಬಿಡಿಸಿದ್ದು ಇದೆಲ್ಲ ಮುಗಿಸಿ ಮನೆಗೆ ಬಂದ ಮೇಲೆ. ಮನೆಯಲ್ಲಿ ಆಕೆಗೆ ಹೆಮ್ಮೆಯ ಉಡುಗೆ ಆಗಿದ್ದದ್ದು ಪ್ಯಾರಿಸ್ಸಿಗೆ ಒಂದು ವಿಚಿತ್ರ ಚೆಂದದ ಸಾಮಾನು ಆಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ನಮ್ಮನ್ನೇ ದಿಟ್ಟಿಸುವುದು ಅದಕ್ಕೇ ಇರಬಹುದು ಅಂತ ನನಗನಿಸುತ್ತದೆ, ನೋಡಿಸಿಕೊಂಡವಳು ತಿರುಗಿ ನೋಡುವ ನೋಟ ಅದು. ಇದು ನನ್ನ ಓದು, ನೀವು ಒಪ್ಪಲೇಬೇಕು ಅಂತೇನಿಲ್ಲ.

ನಾನು ಕನಸು ಬಿಡಿಸಿಲ್ಲ, ನನ್ನ ಬದುಕನ್ನೇ ಬಿಡಿಸಿದ್ದು, ಅಂತ ಆಕೆ ಆಮೇಲೆ ಹೇಳಿದಳು. ಆದರೂ 1940ರ ಜನವರಿಯಲ್ಲಿ ಮೆಕ್ಸಿಕೋ ಸಿಟಿಯಲ್ಲಿ ಅಂತರರಾಷ್ಟ್ರೀಯ ಸರ್ರಿಯಲಿಸ್ಟ್ ಪ್ರದರ್ಶನ ನಡೆದಾಗ ಇದೇ ಚಿತ್ರವನ್ನು ಕಳಿಸಿದ್ದಳು. ಲೇಬಲ್ ಬೇಡ, ವೇದಿಕೆ ಬೇಕು. ಕಲಾವಿದರ ಬದುಕಿನಲ್ಲಿ ಇದು ಮಾಮೂಲು, ತಪ್ಪೂ ಇಲ್ಲ. ನಿಮ್ಮ ಲೇಖನದಲ್ಲಿ ‘ಸರ್ರಿಯಲ್ ಗುಣ ಇರುವ ಚಿತ್ರ’ ಅಂತ ಧಾರಾಳವಾಗಿ ಬರೆಯಿರಿ. ‘ಸರ್ರಿಯಲಿಸ್ಟ್ ಫ್ರಿಡಾ’ ಅಂತ ಬರೆಯುವುದಾದರೆ ಮಾತ್ರ ಎರಡು ಸಾಲು ವಿವರಣೆ ಬೇಕು.

ಆ ಸರ್ರಿಯಲ್ ಗುಣ ಬಂದದ್ದು ಎಲ್ಲಿಂದ ಅನ್ನೋದು ಮುಖ್ಯ. ಪ್ಯಾರಿಸ್ಸಿನ ಕನಸಿನ ಶಾಸ್ತ್ರಕ್ಕಿಂತ ಜಾಸ್ತಿ ಅದು ಮೆಕ್ಸಿಕೋದ ಚರ್ಚಿನ ಗೋಡೆಯಿಂದ ಬಂದದ್ದು. ನಮ್ಮ ದೇವಸ್ಥಾನಗಳಲ್ಲಿ ಹರಕೆಗೆ ಬೆಳ್ಳಿಯ ಕಣ್ಣು, ಕೈ, ಕಾಲು ಒಪ್ಪಿಸುತ್ತಾರಲ್ಲ, ಅಲ್ಲೂ ಥೇಟ್ ಹಾಗೇ ತಗಡಿನ ಪುಟ್ಟ ಕೈ, ಕಾಲು, ಹೃದಯಗಳನ್ನು ಸಂತರ ಮೂರ್ತಿಗೆ ಸಿಕ್ಕಿಸುತ್ತಾರೆ. ಜೊತೆಗೆ ಚಿತ್ರದ ಹರಕೆಯೂ ಇದೆ. ಅಪಘಾತದಿಂದ, ಕಾಯಿಲೆಯಿಂದ ಬದುಕಿ ಉಳಿದವರು ಆ ಘಟನೆಯನ್ನು ತಗಡಿನ ಮೇಲೆ ಬಿಡಿಸಿಸಿ, ಕೆಳಗೆ ಎರಡು ಸಾಲು ಬರೆಸಿ ಚರ್ಚಿಗೆ ಕೊಡುತ್ತಾರೆ. ಅದರಲ್ಲಿ ಹಾಸಿಗೆ, ರಕ್ತ, ಗಾಯ, ಮೋಡದಲ್ಲಿ ನಿಂತ ಮೇರಿಯಮ್ಮ ಎಲ್ಲ ಒಂದೇ ಚೌಕಟ್ಟಿನಲ್ಲಿ, ಯಾವ ಸಂಕೋಚವೂ ಇಲ್ಲದೆ ಇರುತ್ತವೆ. ಫ್ರಿಡಾ ಮತ್ತು ದಿಯೇಗೊ ಇಂಥ ನೂರಾರು ತಗಡಿನ ಚಿತ್ರಗಳನ್ನು ಕೂಡಿಟ್ಟಿದ್ದರು. ಆಕೆ 1932ರಿಂದ ತಾನೂ ತಗಡಿನ ಮೇಲೆ ಬಿಡಿಸಿದಳು. ಎದೆಯ ಹೊರಗಿನ ಹೃದಯವನ್ನು ಏನೂ ಆಗಿಲ್ಲವೇನೋ ಅನ್ನುವಷ್ಟು ಸಲೀಸಾಗಿ, ಸ್ಪಷ್ಟ ಗೆರೆಯಲ್ಲಿ ಬಿಡಿಸುವುದನ್ನು ಕಲಿತದ್ದು ಅಲ್ಲಿ. ಆ ಗುಣ ಇಷ್ಟು ದೊಡ್ಡ ಕ್ಯಾನ್ವಾಸಿಗೆ ಬಂದಾಗ ಪ್ಯಾರಿಸ್ಸಿನವರ ಕಣ್ಣಿಗೆ ಸರ್ರಿಯಲಿಸಂ ಅನಿಸಿತು.

ಮೋಡದ ಬಗ್ಗೆ ಜಾಸ್ತಿ ಹೇಳೋದು ಏನೂ ಇಲ್ಲ. ಅದು ಊರನ್ನು ಅಳಿಸಿಹಾಕುತ್ತದೆ. 1932ರಲ್ಲಿ ಬಿಡಿಸಿದ ‘ಮೆಕ್ಸಿಕೋ-ಅಮೆರಿಕ ಗಡಿಯ ಮೇಲಿನ ಸ್ವಚಿತ್ರ’ದಲ್ಲಿ ಒಂದು ಕಡೆ ಪಾಳುಬಿದ್ದ ದೇವಾಲಯ, ಬೇರು ಸಮೇತ ಗಿಡಗಳು, ಇನ್ನೊಂದು ಕಡೆ ಫೋರ್ಡ್ ಕಾರ್ಖಾನೆಯ ಚಿಮಣಿ, ಯಂತ್ರ, ವಯರು, ನಡುವೆ ಮೆಕ್ಸಿಕೋ ಬಾವುಟ ಹಿಡಿದ ಫ್ರಿಡಾ. ಅದು ಬುದ್ಧಿವಂತಿಕೆಯ ಚಿತ್ರ, ಆದರೆ ನನಗೆ ಸ್ವಲ್ಪ ಪೋಸ್ಟರಿನ ಹಾಗೆ ಕಾಣುತ್ತದೆ. ಎಡ-ಬಲ ಹಂಚಿದ್ದಾಯಿತು, ಪ್ರತಿಯೊಂದಕ್ಕೂ ಅರ್ಥ ಗೊತ್ತಾಯಿತು, ಮುಗಿಯಿತು. ಏಳು ವರ್ಷದ ಮೇಲೆ ಅದೇ ಹೆಂಗಸು ಅದೇ ಎಡ-ಬಲ ಇಟ್ಟುಕೊಂಡು, ಸಾಮಾನುಗಳನ್ನೆಲ್ಲ ತೆಗೆದುಹಾಕಿ, ಬೆಂಚು, ಎರಡು ಬಟ್ಟೆ, ಒಂದು ನಾಳ, ಒಂದು ಇಕ್ಕಳ ಇಷ್ಟರಲ್ಲೇ ಕೆಲಸ ಮುಗಿಸಿದಳು.

ಇದೇ ಕಾಲದಲ್ಲಿ ನಮ್ಮಲ್ಲೂ ಒಬ್ಬ ಚಿತ್ರಕಾರ್ತಿ ಇದನ್ನು ಮಾಡುತ್ತಿದ್ದಳು, ಅವಳನ್ನೂ ನೋಡಿಕೊಳ್ಳಿ. ಅಮೃತಾ ಶೇರ್‌ಗಿಲ್. 1913ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದವಳು, ಅಪ್ಪ ಸಿಖ್, ಅಮ್ಮ ಹಂಗೇರಿಯವಳು. ಫ್ರಿಡಾಳ ಅಪ್ಪನ ಹಾಗೆ ಅಮೃತಾಳ ಅಪ್ಪ ಉಮ್ರಾವ್ ಸಿಂಗ್‌ಗೂ ಕ್ಯಾಮೆರಾ ಹುಚ್ಚು, ತನ್ನ ಫೋಟೊ ತಾನೇ ತೆಗೆದುಕೊಳ್ಳುವ ಹುಚ್ಚೂ ಇತ್ತು. ಅಮೃತಾ 1934ರಲ್ಲಿ ಬಿಡಿಸಿದ ಒಂದು ಸ್ವಚಿತ್ರದಲ್ಲಿ ಪಂಜಾಬಿಯೂ ಆಗಲಿಲ್ಲ, ಹಂಗೇರಿಯನ್ನೂ ಆಗಲಿಲ್ಲ, ಫ್ರೆಂಚ್ ಚಿತ್ರಕಾರ ಗೊಗ್ಯಾಂ ಬಿಡಿಸಿದ ಹೆಣ್ಣುಗಳ ಹಾಗೆ ತಾಹಿತಿ ದ್ವೀಪದವಳಾಗಿ ನಿಂತಳು! ಸರ್ರಿಯಲ್ ಚಿತ್ರ ಅಲ್ಲ ಅದು. ಆದರೆ ಎರಡು ಊರಿನ ಮಗಳು ಅಂದಕ್ಷಣ ಎರಡು ಬಟ್ಟೆ ಹಂಚಿ ಉಡಬೇಕಾಗಿಲ್ಲ ಅನ್ನೋಕೆ ಒಳ್ಳೆಯ ಉದಾಹರಣೆ.

ಈಗ ನಿಮ್ಮ ಚಿತ್ರ. ನೇರವಾಗಿ ಹೇಳಿಬಿಡುತ್ತೇನೆ, ಬೇಜಾರು ಮಾಡ್ಕೋಬೇಡಿ. ಅರ್ಧ ಕೊಡವ, ಅರ್ಧ ಇಳಕಲ್ ಅಂತ ಮಧ್ಯಕ್ಕೆ ಗೆರೆ ಎಳೆದರೆ ಅದು ಗಡಿಯ ಮೇಲಿನ ಚಿತ್ರಕ್ಕಿಂತಲೂ ಬೇಗ ಮುಗಿದುಹೋಗುತ್ತದೆ. ನೋಡುವವರು ಎರಡು ಸೆಕೆಂಡಿನಲ್ಲಿ ‘ಓ, ಅಪ್ಪ ಆ ಕಡೆ, ಅಮ್ಮ ಈ ಕಡೆ’ ಅಂದು ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ಇನ್ನೊಂದು ತಮಾಷೆ, ಅದರಲ್ಲಿ ನೀವು ಬೆಳೆದ ಬೆಂಗಳೂರು ಎಲ್ಲೂ ಇಲ್ಲ. ದಿನಾ ನೀವು ಹಾಕೋದು ಏನು? ಜೀನ್ಸ್, ಕುರ್ತಾ ಇರಬಹುದು. ಸೀರೆ ಉಡೋದು ಯಾವಾಗ, ಯಾರು ಉಡಿಸುತ್ತಾರೆ, ಯಾರ ಮನೆಗೆ ಹೋಗುವಾಗ ಯಾವುದು, ಅದನ್ನು ಬರೆದು ನೋಡಿ. ಕೊಡಗಿನ ಮದುವೆಗೆ ಅಮ್ಮ ಯಾವ ಸೀರೆಯಲ್ಲಿ ಬರುತ್ತಾರೆ? ಅಲ್ಲಿ ನಿಮ್ಮ ಚಿತ್ರದ ವಸ್ತು ಸಿಗುವ ಸಾಧ್ಯತೆ ಜಾಸ್ತಿ.

ಸೀರೆಯೇ ಬೇಕು ಅಂತಾದರೆ ಅದನ್ನು ಕೈಯಲ್ಲಿ ಹಿಡಿದು ನೋಡಿ, ಗೂಗಲ್ ಫೋಟೊ ನೋಡಿ ಬಿಡಿಸಬೇಡಿ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ನೂಲನ್ನೂ ಒಂದರೊಳಗೊಂದು ಕೊಂಡಿ ಹಾಕಿ ಸೇರಿಸುತ್ತಾರೆ. ಅಮ್ಮನ ಸೀರೆಯಲ್ಲಿ ಒಡಲು ಮುಗಿದು ಕೆಂಪು ಸೆರಗು ಶುರುವಾಗುವ ಜಾಗಕ್ಕೆ ಬೆರಳಾಡಿಸಿ, ಆ ಸೇರಿಕೆ ಗೊತ್ತಾಗುತ್ತದೆ. ಫ್ರಿಡಾ ಲಂಗದ ಅಂಚಿನಲ್ಲಿ ಮಾಡಿದ ಹಾಗೆ ನಿಮಗೂ ಅಲ್ಲಿ ಏನಾದರೂ ಕೆಲಸ ಸಿಗಬಹುದು. ದೊಡ್ಡ ಸಂಕೇತ ಹುಡುಕೋದು ಬಿಟ್ಟು ಇಂಥ ಒಂದು ಜಾಗ ಹುಡುಕಿ.

ಕೊಡವ ಸೀರೆಗೆ ಇನ್ನೊಂದು ತೊಡಕಿದೆ, ನೀವು ಯೋಚಿಸಿಲ್ಲ ಅನಿಸುತ್ತೆ. ಅದರ ನೆರಿಗೆ ಬರೋದು ಬೆನ್ನಿಗೆ. ಫ್ರಿಡಾಳ ಹಾಗೆ ಎದುರು ಮುಖ ಮಾಡಿ ಬೆಂಚಿನ ಮೇಲೆ ಕೂತರೆ ನೆರಿಗೆ ಕಾಣುವುದೇ ಇಲ್ಲ, ಕೊಡವ ಸೀರೆ ಅಂತ ಗುರುತಿಸೋಕೆ ಇರುವ ಮುಖ್ಯ ಲಕ್ಷಣವೇ ಮರೆಯಾಗುತ್ತದೆ. ಬೆನ್ನು ತಿರುಗಿಸಿದರೆ ಮುಖ ಹೋಯಿತು. ಒಬ್ಬಳನ್ನೇ ಬಿಡಿಸುತ್ತೀರೋ, ಇಬ್ಬರನ್ನು ಬಿಡಿಸುತ್ತೀರೋ, ಒಬ್ಬಳು ಬೆನ್ನು ಹಾಕಿ ನಿಂತಿರುತ್ತಾಳೋ, ಇಲ್ಲಾ ಹಿಂದೊಂದು ಕನ್ನಡಿ ಇರುತ್ತದೋ, ಇದನ್ನು ಮೊದಲು ತೀರ್ಮಾನ ಮಾಡಿ. ಕ್ಯಾನ್ವಾಸ್ ಕಟ್ಟುವ ಮುಂಚೆ ಎದುರಿಗೊಂದು, ಹಿಂದಕ್ಕೊಂದು ಕನ್ನಡಿ ಇಟ್ಟುಕೊಂಡು ಪೆನ್ಸಿಲ್ಲಿನಲ್ಲಿ ನಾಲ್ಕೈದು ಸ್ಕೆಚ್ ಮಾಡಿ ಕಳಿಸಿ, ನೋಡಿ ಹೇಳುತ್ತೇನೆ.